ಬಿಟ್ಟ ಸ್ಥಳ ತುಂಬಿದ ಅಣ್ಣ

ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದರೆ ಡಾಕ್ಟರು ರೋಗಿಯ ಬಗ್ಗೆ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವುದು. ಅಷ್ಟೇ! ಡೊಂಬಿವಲಿಯ ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಗಿರಾಕಿ ಹೇಳಿದ್ದನ್ನು ಕೇಳಿ ಬಿಲ್ ಮಾಡಿದ ನನಗೆ ಇದು ಯಾವ ಮಹಾ ವಿದ್ಯೆ?

ತಂಗಿ ಶಶಿ ನಮ್ಮ ಮನೆಯಲ್ಲೇ ಕುಳಿತು ಐರೋಲಿಯ ಒಂದು ಕಂಪನಿಗೆ ಈ ಕೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಾನೇ ಹುಡುಕಿಕೊಂಡ ನೌಕರಿ. ಟ್ರೈನಿಂಗಿನ ಕೊನೆಯ ವಾರ ಸರಿಯಾಗಿ ದಾಟಿದರೆ ಕಾಯಂ.

ಆ ವಾರವೇ ಒಂದು ಮಧ್ಯಾಹ್ನ ಅವಳು ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದಳು. ಕಂಪ್ಯೂಟರ್ ಪರದೆ ನೋಡುತ್ತೇನೆ: ಮೂರು ಕಡೆ ಬರೀ ಗೆರೆ! ಪಾಪ, ಅವಸರದಲ್ಲಿ ಬಿಟ್ಟಿದ್ದಾಳೆ. ಹೋಟೆಲಿನಲ್ಲಿ ಬಿಲ್ಲಿನ ಒಂದು ಕಲಂ ಖಾಲಿ ಇದ್ದರೂ ಧಣಿಗಳು ನಮ್ಮ ಜನ್ಮ ಜಾಲಾಡುತ್ತಿದ್ದರು. ಅದಕ್ಕೆ ನಮ್ಮ ಉಪಾಯವೆಂದರೆ ಹಿಂದಿನ ಟೇಬಲ್ಲಿನದ್ದನ್ನೇ ಇಳಿಸಿಬಿಡುವುದು. ಇಲ್ಲೂ ಹಾಗೆಯೇ ಹಿಂದಿನ ರೋಗಿಯ ಕಾಗದ ತೆರೆದೆ. ಇಂಗ್ಲಿಷಿನ ಅರ್ಥ ನನಗಾಗದು, ಅಕ್ಷರ ಗೊತ್ತು. ಒಂದೊಂದೇ ಅಕ್ಷರ ನೋಡಿ ಮೂರೂ ಜಾಗ ತುಂಬಿದೆ. ಕಳಿಸುವ ಬಟನ್ನನ್ನೂ ಒತ್ತಿದೆ. ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ!

ಮರುದಿನ ಐರೋಲಿಯಿಂದ ಫೋನ್ ಬಂತು. ಮಾತು ಮುಗಿಸಿದ ಶಶಿ ನೇರ ನನ್ನ ಮುಂದೆ ಬಂದು ನಿಂತಳು.

"ಅಣ್ಣಾ, ನನ್ನ ಕಂಪ್ಯೂಟರ್ ಮುಟ್ಟಿದ್ದಿಯಾ?"

"ಸ್ವಲ್ಪ ಸಹಾಯ..."

"ಎಪ್ಪತ್ತು ವರ್ಷದ ಅಜ್ಜನಿಗೆ ಎರಡು ಹೆರಿಗೆ ಮಾಡಿಸಿದ್ದಿಯಲ್ಲ ಮಾರಾಯ!"

ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು, "ಎರಡೂ ನಾರ್ಮಲ್ಲಾ?"

ಎರಡೂ ನಾರ್ಮಲ್.

"ಸರಿಯಾಗಿ ಕೇಳಿಸದಿದ್ದರೆ ಗೆರೆ ಹಾಕಿ ಬಿಡುವುದೇ ನಮ್ಮ ರೂಲ್. ಡಾಕ್ಟರೇ ಆಮೇಲೆ ತುಂಬಿಸ್ತಾರೆ. ಊಹೆ ಮಾಡ್ಲಿಕ್ಕೇ ಇಲ್ಲ," ಎಂದಳು ಶಶಿ. "ಪುಣ್ಯಕ್ಕೆ ಡಾಕ್ಟರಿಗೆ ಹೋಗುವ ಮೊದಲೇ ನಮ್ಮ ಟ್ರೈನಿಂಗ್ ಮೇಡಂ ಹಿಡಿದ್ರು. ನನ್ನ ಕಣ್ತಪ್ಪು ಅಂತ ಹೇಳಿದ್ದೇನೆ, ಒಪ್ಪಿದ್ದಾರೆ. ನೀನಿನ್ನು ಸುಮ್ಮನಿರು."

ಸುಮ್ಮನಿರುವುದೇ? ನನ್ನ ತಪ್ಪನ್ನು ತಂಗಿ ಹೊರುವುದೇ? ಸಾಧ್ಯವೇ ಇಲ್ಲ! ಅವಳಿಗೆ ಹೇಳದೆ, ಗೋಳಿಬಜೆಯ ಪೊಟ್ಟಣ ಹಿಡಿದು, ಥಾಣೆಯಲ್ಲಿ ರೈಲುಗಾಡಿ ಬದಲಿಸಿ ಐರೋಲಿ ತಲುಪಿದೆ. ಮೇಡಂ ಒಳ್ಳೆಯವರು. "ಬೋಲಿಯೇ ಅಂಕಲ್," ಎಂದು ನಕ್ಕು ಕೂರಿಸಿದರು.

"ಮೇಡಂ, ಗಲ್ತಿ ಮೇರಾ ಹೈ. ಬೆಹನ್ ನಿರ್ದೋಷ್ ಹೈ. ದೂಸರಾ ಪೇಷಂಟ್ ಕಾ ಪೇಪರ್ ದೇಖ್‌ಕೆ ಮೈನೇ ಲಿಖಾ!" ತಪ್ಪು ನನ್ನದು, ಬೇರೆ ರೋಗಿಯ ಕಾಗದ ನೋಡಿ ಬರೆದವನು ನಾನೇ ಎಂದು ನನ್ನ ಹೋಟೆಲ್ ಹಿಂದಿಯಲ್ಲಿ ಒಪ್ಪಿಕೊಂಡೆ.

ಮೇಡಂ ಅವರ ನಗು ನಿಂತಿತು. "ಆಪ್‌ನೇ ಪೇಷಂಟ್ ಕಾ ಪೇಪರ್ ದೇಖಾ?"

"ಏಕ್ ನಹೀಂ ಮೇಡಂ, ದೋ!" ಅಜ್ಜನದ್ದೂ ಸೇರಿ ಎರಡು ಎಂದೆ, ಸತ್ಯಕ್ಕೆ ಕುಂದು ಬರಬಾರದೆಂದು.

ಟೈಪಿಂಗ್ ತಪ್ಪಿಗೆ ಅಲ್ಲಿ ಕ್ಷಮೆ ಇದೆ. ರೋಗಿಯ ಗುಟ್ಟು ಹೊರಗಿನವರ ಕಣ್ಣಿಗೆ ಬಿದ್ದರೆ ಇಲ್ಲ. ಇದು ನನಗೆ ತಿಳಿದದ್ದು ಆಮೇಲೆ. ಶಶಿಯ ನೌಕರಿ ಹೋಗಲಿಲ್ಲ. ಆದರೆ ಮೂರು ತಿಂಗಳ ಟ್ರೈನಿಂಗ್ ಮೊದಲಿನಿಂದ ಶುರುವಾಯಿತು, ಅದೂ ಮನೆಯಿಂದಲ್ಲ, ಆಫೀಸಿಗೇ ಹೋಗಿ. ಈಗ ದಿನಾ ಅವಳು ಗಾಡಿಯ ನೂಕುನುಗ್ಗಲಿನಲ್ಲಿ ಐರೋಲಿಗೆ ಹೋಗುವಾಗ ನಾನು ಡಬ್ಬಿ ಕಟ್ಟಿಕೊಟ್ಟು ತಲೆ ತಗ್ಗಿಸುತ್ತೇನೆ.

ಈ ಕೆಲಸಕ್ಕೆ ಸೇರುವವರಿಗೆ ನನ್ನ ಸಲಹೆ ಒಂದೇ. ಬಟ್ಟೆ ತರಲು ಏಳುವುದಾದರೂ ಕಂಪ್ಯೂಟರ್ ಲಾಕ್ ಮಾಡಿ ಏಳಿ. ಮೇಡಂ ಕೂಡ ಹೊಸಬರಿಗೆ ಮೊದಲ ದಿನವೇ ನನ್ನ ಕಥೆ ಹೇಳುತ್ತಾರಂತೆ. ಹೆಸರು ಮಾತ್ರ ಹೇಳುವುದಿಲ್ಲವಂತೆ.

ಗುಟ್ಟು ಕಾಪಾಡುವ ಕಂಪನಿ, ನೋಡಿ!