ಹಾಯಿಯ ಅಳತೆ, ಅತ್ತೆಯ ಕುರ್ಚಿ

ಕನ್ನಡಕದಂಗಡಿಯ ಯಜಮಾನರಿಗೆ ಮನೆಯಲ್ಲಿ ಕ್ಯಾಪ್ಟನ್ ಎಂದು ಹೆಸರು. (ಇಟ್ಟವರು ಅವರೇ.) ಅವರದೊಂದು ಪುಟ್ಟ ಹಾಯಿದೋಣಿ ಇತ್ತು. ರಜೆ ಸಿಕ್ಕಿದಾಗಲೆಲ್ಲ ಗಂಡ ಹೆಂಡತಿ ಅದರಲ್ಲಿ ಹೊರಟು, ಒಂದೆರಡು ದಿನ ನೀರಿನ ಮೇಲೇ ಸಂಸಾರ ಮಾಡಿ ಬರುತ್ತಿದ್ದರು. ಕ್ಯಾಪ್ಟನ್ ಚುಕ್ಕಾಣಿ ಹಿಡಿದು ಕೂರುವುದು, ಹೆಂಡತಿ ಹಗ್ಗ ಎಳೆಯುವುದು. ಇದು ಮೊದಲಿನಿಂದ ನಡೆದುಬಂದ ಪದ್ಧತಿ.

ಈ ವರ್ಷ ದೋಣಿಯ ಮುಂದಿನ ಹಾಯಿ ಹರಿದು ಚಿಂದಿಯಾಯಿತು. ಹೊಸದಕ್ಕೆ ಹಾಯಿ ಹೊಲಿಯುವಾತ ಎರಡು ಅಳತೆ ಹೇಳಿದ: ದೋಣಿಯ ನಡುವಿನ ಕಂಬದ ಮುಂದೆಯೇ ಮುಗಿಯುವ ಚಿಕ್ಕದು, ಇಲ್ಲವೇ ಕಂಬವನ್ನೂ ದಾಟಿ ಹಿಂದಕ್ಕೆ ಚಾಚುವ ದೊಡ್ಡದು. ಆತ ಮಾತು ಮುಗಿಸುವ ಮೊದಲೇ ಕ್ಯಾಪ್ಟನ್ನರ ಮನಸ್ಸು ದೊಡ್ಡದರ ಮೇಲೆ ಹೋಗಿ ಕೂತಿತ್ತು.

"ಗಾಳಿ ಬಂದಾಗ ತೂರಿಕೋಬೇಕು ಕಣೇ," ಎಂದರು ಊಟಕ್ಕೆ ಕೂತಾಗ.

"ತೂರಿಕೊಳ್ಳಿ. ಆದ್ರೆ ಮೊರ ಎಷ್ಟು ದೊಡ್ಡದಿರ್ಬೇಕು ಅಂತ ಮೊರ ಹಿಡಿಯೋರನ್ನ ಕೇಳ್ಬೇಕು," ಎಂದಳು ಹೆಂಡತಿ.

ದೊಡ್ಡ ಹಾಯಿ ಬಂದರೆ ತಾನು ದೋಣಿಗೆ ಕಾಲಿಡುವುದಿಲ್ಲ ಎಂದೂ ಸೇರಿಸಿದಳು. ಇದು ಬರೀ ಬೆದರಿಕೆಯಲ್ಲ. ಹಿಂದೊಮ್ಮೆ ಹೀಗೇ ಹೇಳಿ ಅವರ ಸ್ಕೂಟರ್ ಹತ್ತುವುದನ್ನು ಬಿಟ್ಟವಳು ಇವತ್ತಿಗೂ ಹತ್ತಿಲ್ಲ. ಅವಳಿಲ್ಲದ ದೋಣಿಯೆಂದರೆ ಕ್ಯಾಪ್ಟನ್ನರಿಗೆ ಗಾಜಿಲ್ಲದ ಕನ್ನಡಕ.

ಆಗ ಅವರಿಗೊಂದು ದಿವ್ಯ ಉಪಾಯ ಹೊಳೆಯಿತು. ದೊಡ್ಡ ಹಾಯಿ ಎಳೆಯುವುದು ಎಷ್ಟು ಸುಲಭ ಎಂದು ಮನೆಯಲ್ಲೇ ತೋರಿಸಿಬಿಟ್ಟರಾಯಿತು. ಹಳೆಯ ಪರದೆಗಳನ್ನೆಲ್ಲ ಅಳತೆಗೆ ಸರಿಯಾಗಿ ಪಿನ್ನು ಹಾಕಿ ಜೋಡಿಸಿದರು. ಹಾಲ್‌ನ ಕಿಟಕಿ ದೋಣಿಯ ಮೂತಿಯಾಯಿತು. ಪರದೆಯ ಒಂದು ತುದಿಯನ್ನು ಅದರ ಸರಳಿಗೆ ಕಟ್ಟಿ, ಇನ್ನೊಂದಕ್ಕೆ ಬಟ್ಟೆ ಒಣಹಾಕುವ ಹಗ್ಗ ಬಿಗಿದರು. ಗಾಳಿಗೆ ಟೇಬಲ್ ಫ್ಯಾನು. ಇನ್ನು ಕಂಬ? ಹಾಲ್‌ನ ನಟ್ಟನಡುವೆ, ಭೂಕಂಪಕ್ಕೂ ಕದಲದವರಂತೆ ಅವರ ಅತ್ತೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

"ನಾನು ಏಳ್ಬೇಕಾ ಅಳಿಯಂದ್ರೇ?"

"ಬೇಡ ಅತ್ತೆ, ನೀವು ಹೀಗೇ ಇದ್ರೆ ಸಾಕು."

ದೋಣಿ ತಿರುಗಿದಾಗಲೆಲ್ಲ ಹಾಯಿಯನ್ನು ಕಂಬದ ಮುಂದೆ ದಾಟಿಸಿ ಈ ಮಗ್ಗುಲಿಂದ ಆ ಮಗ್ಗುಲಿಗೆ ಎಳೆಯಬೇಕು. ಹೆಂಡತಿ ಹಗ್ಗವನ್ನು ಗಂಡನ ಕೈಗೇ ಕೊಟ್ಟು, ತಾನು ಚುಕ್ಕಾಣಿಯವಳಂತೆ ಸೋಫಾದಲ್ಲಿ ಕೂತು, "ತಿರುಗಿಸ್ದೆ, ಎಳೀರಿ," ಎಂದಳು.

ಕ್ಯಾಪ್ಟನ್ ಎಳೆದರು. ಪರದೆ ಅತ್ತೆಯವರೆಗೆ ಬಂದು ಅವರನ್ನು ಅಪ್ಪಿಕೊಂಡಿತು. ಇನ್ನೂ ಜೋರಾಗಿ ಎಳೆದರು. ಮೊದಲು ಚಹಾದ ಕಪ್ಪು ಹೋಯಿತು, ಆಮೇಲೆ ಶಾಲು, ಕೊನೆಗೆ ಕನ್ನಡಕ. (ಅಳಿಯನೇ ಪ್ರೀತಿಯಿಂದ ಕೂರಿಸಿಕೊಟ್ಟದ್ದು.) ಉಳಿದ ಬಟ್ಟೆಯನ್ನು ಫ್ಯಾನು ಎತ್ತಿ ಕ್ಯಾಪ್ಟನ್ನರ ತಲೆಯ ಮೇಲೇ ಹಾಕಿತು.

"ಅಳಿಯಂದ್ರೇ," ಎಂದಿತು ಪರದೆಯೊಳಗಿನ ಕಂಬ, "ದಡ ಬಂತಾ?"

ಹೆಂಡತಿ ಪರದೆಯನ್ನು ಮಡಚಿ ಚಿಕ್ಕದು ಮಾಡಿದಳು. ಈಗ ಅದು ಅತ್ತೆಯ ಮೂಗಿನ ಮುಂದೆ ಸೊಗಸಾಗಿ ಹಾದುಹೋಯಿತು. ಅಷ್ಟರಲ್ಲಾಗಲೇ ಕ್ಯಾಪ್ಟನ್ನರ ಅಂಗೈ ಕೆಂಪಾಗಿತ್ತು. ಏನೋ ಹೊಳೆದವರಂತೆ ಹೆಂಡತಿಯ ಕೈ ಹಿಡಿದು ನೋಡಿದರು. ಹಗ್ಗ ಉಜ್ಜಿ ಉಜ್ಜಿ ಅಂಗೈ ಜಡ್ಡುಗಟ್ಟಿತ್ತು. ಊರಿನವರ ಕಣ್ಣನ್ನೆಲ್ಲ ಪರೀಕ್ಷಿಸಿದವರಿಗೆ ಇದೊಂದು ಇಷ್ಟು ವರ್ಷ ಕಂಡಿರಲಿಲ್ಲ. ಅಂದೇ ಚಿಕ್ಕ ಹಾಯಿಗೆ ಹೇಳಿ ಬಂದರು.

ಹೊಸ ಹಾಯಿ ಕಟ್ಟಿದ ದಿನ, ಇನ್ನು ಮೇಲೆ ಹಗ್ಗ ತಮ್ಮದೆಂದು ಕ್ಯಾಪ್ಟನ್ನರೇ ಹೇಳಿ, ಚುಕ್ಕಾಣಿಯನ್ನು ಹೆಂಡತಿಗೆ ಬಿಟ್ಟುಕೊಟ್ಟರು. ಹಾಯಿ ಹೂವಿನಷ್ಟು ಹಗುರವಾಗಿ ಈ ಕಡೆಯಿಂದ ಆ ಕಡೆಗೆ ಬಂತು. ಎದುರಿಗೆ ಅವಳು ಗಾಳಿಗೆ ಮುಖವೊಡ್ಡಿ ಕೂತಿದ್ದಳು. ಇವಳು ಬಂದಳಲ್ಲ, ಅಷ್ಟೇ ಸಾಕು ಎನ್ನಿಸಿ ಅವರ ಎದೆ ತುಂಬಿತು.

ಅಷ್ಟರಲ್ಲಿ ದೊಡ್ಡ ಹಾಯಿಯ ದೋಣಿಯೊಂದು ಅವರನ್ನು ದಾಟಿ ಮುಂದೆ ಹೋಯಿತು. ಹಿಂದೆಯೇ ಇನ್ನೊಂದು. ಹೆಂಡತಿ ಅವುಗಳನ್ನೇ ನೋಡುತ್ತಿದ್ದಳು.

"ರೀ, ನಮ್ಮದು ಸ್ವಲ್ಪ ಚಿಕ್ಕದಾಯ್ತು ಅನ್ಸುತ್ತೆ. ದೊಡ್ಡದೂ ಒಂದು ಹೊಲಿಸೋಣ್ವಾ?"

ಕ್ಯಾಪ್ಟನ್ ತಮ್ಮ ಅಂಗೈ ನೋಡಿಕೊಂಡರು. "ಮೊರ ಹಿಡಿಯೋರನ್ನ ಕೇಳ್ಬೇಕು ಅಂದಿದ್ದೆ ನೀನು."

"ಕೇಳ್ತಾ ಇದೀನಲ್ರೀ," ಎಂದಳು ಅವಳು. "ನನ್ನನ್ನ ಯಾರು ಕೇಳಿದ್ರು?"

ಅವರು ಹಗ್ಗವನ್ನು ಇನ್ನೊಂದು ಸುತ್ತು ಬಿಗಿದರು.

"ಆಗಲಿ, ಕ್ಯಾಪ್ಟನ್," ಎಂದರು.