ಇಬು ರತ್ನಾ ಅವರ ನೆಗಡಿಗೆ ನನ್ನ ಕಂಪ್ಯೂಟರ್ ಚಿಕಿತ್ಸೆ

ಇಂಡೋನೇಷ್ಯನ್ ಭಾಷೆಯ ಗಂಧಗಾಳಿ ಇಲ್ಲದೆಯೇ ಆ ಭಾಷೆಯ ಕಾಯಿಲೆಗಳಲ್ಲಿ ನಾನು ಪಂಡಿತನಾದೆ. ಎಂಬತ್ತರ ದಶಕದಲ್ಲಿ ನಾವು ಪರದೇಶದ ಕ್ಯಾಂಪ್‌ಬೆಲ್‌ನಲ್ಲಿದ್ದಾಗಿನ ಮಾತು. ಭಾಷಾಶಾಸ್ತ್ರದ ಪ್ರೊಫೆಸರೊಬ್ಬರ ಬಳಿ ನನಗೆ ಪ್ರೋಗ್ರಾಮರ್ ಕೆಲಸ. ಇಂಡೋನೇಷ್ಯಾದ ಪತ್ರಿಕೆಗಳನ್ನು ಅವರು ಕಂಪ್ಯೂಟರಿಗೆ ಉಣಿಸಿದ್ದರು. ಸಾಕಿತ್, ಪೆನ್ಯಾಕಿತ್, ವಾಬಾ, ಎಲ್ಲವೂ ಕಾಯಿಲೆಯ ಪದಗಳೇ. ಯಾವುದರ ಪಕ್ಕ ಯಾವ ಪದ ಹೆಚ್ಚು ಸಲ ಕೂರುತ್ತದೆ ಎಂದು ಹುಡುಕಿ ಅಚ್ಚು ಹಾಕುವುದು ನನ್ನ ಪಾಲಿನ ಸಂಶೋಧನೆ.

ಮಧ್ಯಾಹ್ನವೆಲ್ಲ ಪ್ರಿಂಟರ್ ಗುಂಯ್‌ಗುಡುತ್ತಿತ್ತು. ಕಾಗದ ಮಡಿಕೆ ಮಡಿಕೆಯಾಗಿ ಕಾಲ ಬಳಿ ಇಳಿಯುತ್ತಿತ್ತು. ಕಿಟಕಿಯಾಚೆ ನೀಲಗಿರಿ ಮರಗಳು ಬಿಸಿಲಲ್ಲಿ ತೂಗುತ್ತಿದ್ದವು. ಅರೆನಿದ್ದೆಯಲ್ಲಿ ಆ ಪದಗಳು ನನ್ನ ಕಣ್ಣ ಮುಂದೆ ಮೆಲ್ಲಗೆ ತೇಲಿ ಹೋಗುತ್ತಿದ್ದವು. ಎಷ್ಟು ಇಂಪಾದ ಕಾಯಿಲೆಗಳು! ನೋಡುತ್ತಾ ನೋಡುತ್ತಾ ನನಗೆ ಭಾಷೆಯೇ ಬಂದುಬಿಟ್ಟಿದೆ ಎನಿಸಿತು.

ಅಷ್ಟರಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ಇಬು ರತ್ನಾ ಅವರಿಗೆ ನೆಗಡಿಯಾಯಿತು. ಜಾವಾದ ಹಿರಿಯರು, ಇಬು ಎಂದರೆ ಅಮ್ಮ. ಆ ಊರಿನಲ್ಲಿ ನನ್ನ ಹೆಂಡತಿ ವತ್ಸಲಾಗೆ ಇದ್ದ ಸ್ನೇಹ ಅದೊಂದೇ. ಅವರು ಬಾರದ ಮಧ್ಯಾಹ್ನ ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ.

ಅವಳು ಮೆಣಸಿನ ಸಾರು ಮಾಡಿ ಪಾತ್ರೆಯನ್ನು ನನ್ನ ಕೈಗಿಟ್ಟಳು.

"ಕೊಟ್ಟು ಸುಮ್ನೆ ವಾಪಸ್ ಬನ್ನಿ. ನಿಮ್ಮ ಆಫೀಸಿನ ಪಾಂಡಿತ್ಯ ಅಲ್ಲಿ ಬೇಡ."

"ಅವರ ಭಾಷೇಲಿ ಒಂದು ಮಾತಾಡಿದ್ರೆ ಎಷ್ಟು ಖುಷಿಪಡ್ತಾರೆ ಗೊತ್ತಾ?"

"ಇಂಗ್ಲಿಷಲ್ಲಿ ಗೆಟ್ ವೆಲ್ ಅಂದ್ರೆ ಸಾಕು ರೀ."

ಸಾಕೆ? ಕಂಪ್ಯೂಟರ್ ಮತ್ತೆ ಇರುವುದೇಕೆ? ಪೆನ್ಯಾಕಿತ್ ಇದ್ದ ಸಾಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಸಾಲನ್ನು ಬಾಯಿಪಾಠ ಮಾಡಿದ್ದೆ. ಇಬು ಬಾಗಿಲು ತೆರೆದ ಕೂಡಲೇ ಗಂಭೀರವಾಗಿ ಒಪ್ಪಿಸಿದೆ.

ಅವರು ನನ್ನನ್ನೇ ನೋಡಿದರು. ಪಾತ್ರೆ ತೆಗೆದುಕೊಂಡು ಬಾಗಿಲು ಹಾಕಿಕೊಂಡರು.

ಆಮೇಲೆ ಅವರ ಸುಳಿವೇ ಇಲ್ಲ. ವತ್ಸಲಾ ಫೋನ್ ಮಾಡಿದರೂ ಎತ್ತಲಿಲ್ಲ. ನಮ್ಮಂತೆ ಅವರೂ ಪಾತ್ರೆಯನ್ನು ಖಾಲಿ ಹಿಂದಿರುಗಿಸುವವರಲ್ಲ. ಪ್ರತಿ ಸಲ ಬಾಳೆಹಣ್ಣಿನ ಬಿಸಿ ಬಜ್ಜಿ ತುಂಬಿ ಬರುತ್ತಿತ್ತು.

"ಈ ಸಲ ಖಾಲಿ ಪಾತ್ರೆ ಬಂದ್ರೆ ನಮ್ಮ ಸ್ನೇಹ ಮುಗೀತು ಅಂತ್ಲೇ ಅರ್ಥ," ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೊನೆಗೆ ಒಂದು ಸಂಜೆ ಇಬು ಬಂದರು, ಮೂಗು ಇನ್ನೂ ಕೆಂಪು. ವತ್ಸಲಾ ಮುಚ್ಚಳ ತೆಗೆದಳು. ಪಾತ್ರೆಯ ತುಂಬ ಮುಸುಕಿನ ಜೋಳದ ಒಣಕಾಳು!

"ನಿಮ್ಮ ಯಜಮಾನರು ಏನಂದ್ರು ಗೊತ್ತಾ?" ಇಬು ತಮ್ಮ ಇಂಗ್ಲಿಷಿನಲ್ಲಿ ಕೇಳಿದರು. "'ಈ ರೋಗ ಹರಡದ ಹಾಗೆ ಕೂಡಲೇ ಗೂಡು ಸುಡಿ' ಅಂದ್ರು. ಕೋಳಿಗಳಿಗೆ ರೋಗ ಬಂದಾಗ ನಮ್ಮೂರ ಪೇಪರಲ್ಲಿ ಹಾಕ್ತಾರೆ. ನಗು, ಕೆಮ್ಮು ಎರಡೂ ಒಟ್ಟಿಗೇ ಬಂದು ಫೋನ್ ಎತ್ತೋಕೂ ಆಗ್ಲಿಲ್ಲ. ಕೋಳಿ ಅಲ್ವಾ ನಾನು? ಅದಕ್ಕೇ ಕಾಳು."

ನಮ್ಮ ಪ್ರೊಫೆಸರ್ ಕಂಪ್ಯೂಟರಿಗೆ ಉಣಿಸಿದ್ದು ಹೆಚ್ಚಾಗಿ ಕೋಳಿ ಸಾಕಣೆಯ ಪುಟಗಳನ್ನೇ ಎಂದು ನನಗೆ ಆಮೇಲೆ ಹೊಳೆಯಿತು. ವತ್ಸಲಾ ಇಬು ಅವರ ಹೆಗಲಿಗೊರಗಿ ನಕ್ಕೂ ನಕ್ಕೂ ಅತ್ತಳು. ಸ್ನೇಹವೇನೋ ಉಳಿಯಿತು.

ಈಗಲೂ ನಾನು ಸೀನಿದರೆ ಮನೆಯಲ್ಲಿ ಯಾರೂ ಸಾರು ಮಾಡುವುದಿಲ್ಲ. ವತ್ಸಲಾ ಒಂದು ಹಿಡಿ ಕಾಳು ನನ್ನ ಮುಂದೆ ಚೆಲ್ಲಿ, "ಬಾ, ಬಾ, ಬಾ" ಎನ್ನುತ್ತಾಳೆ.