ಕೂಮ ಕೊಟ್ಟ ಗಡಿಯಾರ

ವೆಲಿಮಿರ್‌ನ ಎಡಗೈ ಮಣಿಕಟ್ಟಿನ ಮೇಲೆ ಇನ್ನೊಂದು ಗಡಿಯಾರ ಹುಟ್ಟಿಕೊಂಡಿತ್ತು. ನಡುವೆ ದುಂಡಗೆ ಕೆಂಪು ತಟ್ಟೆ, ಅದರ ಎರಡು ಕಡೆಯಿಂದ ಕೈ ಸುತ್ತ ಕೊಂಡಿ ಕೊಂಡಿಯಾಗಿ ಗುಳ್ಳೆಗಳ ಸರಪಳಿ. ಮುಳ್ಳುಗಳು ಮಾತ್ರ ಇರಲಿಲ್ಲ.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ಒಮ್ಮೆ ನೋಡಿದವಳೇ ಹೇಳಿಬಿಟ್ಟಿದ್ದಳು. ಗಡಿಯಾರದ ಲೋಹದಲ್ಲಿ ನಿಕಲ್ ಇದೆ, ನಿನ್ನ ಚರ್ಮಕ್ಕೆ ಅದು ಆಗಿಬರುವುದಿಲ್ಲ, ಬಿಚ್ಚಿಡು, ತಾನಾಗಿ ವಾಸಿಯಾಗುತ್ತದೆ. ಇಷ್ಟು ಸುಲಭದ ಚಿಕಿತ್ಸೆ ನೆಗೋತಿನ್ ಊರಿನಲ್ಲಿ ಬೇರೆ ಯಾರಿಗೂ ಸಿಕ್ಕಿರಲಾರದು. ಆದರೆ ಗಡಿಯಾರ ಕೊಟ್ಟವನು ಕೂಮ.

ಕೂಮ ಎಂದರೆ ಗೆಳೆಯನಲ್ಲ, ನೆಂಟನೂ ಅಲ್ಲ. ಎರಡಕ್ಕಿಂತ ಹೆಚ್ಚು. ಮದುವೆಯಲ್ಲಿ ಪಕ್ಕದಲ್ಲಿ ನಿಲ್ಲುವವನು, ಹುಟ್ಟುವ ಮಕ್ಕಳಿಗೆ ಹೆಸರಿಡುವವನು. ಅಪ್ಪನ ಕಾಲದಿಂದ ಮಗನ ಕಾಲಕ್ಕೆ ಈ ಸಂಬಂಧ ಮನೆಯಿಂದ ಮನೆಗೆ ನಡೆದುಬರುತ್ತದೆ. ವೆಲಿಮಿರ್‌ನ ಅಪ್ಪ ಅದನ್ನು ಒಂದು ಕೋಟಿನಿಂದ ಕಡಿದುಹಾಕಿದ್ದ. ತನ್ನ ಕೂಮ ಕೊಟ್ಟ ಕುರಿಚರ್ಮದ ಕೋಟು ಬಿಗಿಯಾಯಿತೆಂದು ಭಾವಮೈದುನನಿಗೆ ದಾಟಿಸಿದ. ಭಾವಮೈದುನ ಅದನ್ನು ಹಾಕಿಕೊಂಡು ಸಂತೆಗೆ ಹೋದ, ಅದು ಕೂಮನ ಕಣ್ಣಿಗೆ ಬಿತ್ತು. ಆಮೇಲೆ ಎರಡು ಮನೆಯವರೂ ಹೆಣದ ಮೆರವಣಿಗೆಯಲ್ಲಿ ಸಹ ಬೇರೆ ಬೇರೆ ಬದಿಯಲ್ಲಿ ನಡೆದರು. ಇಬ್ಬರು ಮುದುಕರೂ ಮಾತಾಡದೆಯೇ ಸತ್ತರು.

ಈ ಬೇಸಿಗೆಯಲ್ಲಿ ವೆಲಿಮಿರ್ ಧೈರ್ಯ ಮಾಡಿ ಆ ಮನೆಯ ಮಗ ಸ್ರೆತೆನ್‌ನ ಬಾಗಿಲು ತಟ್ಟಿ, ನನ್ನ ಮದುವೆಗೆ ಕೂಮನಾಗಿ ನಿಲ್ಲು ಎಂದು ಕೇಳಿದ. ಸ್ರೆತೆನ್ ಒಪ್ಪಿದ. ಮದುವೆಯ ದಿನ ಒಂದೇ ತರದ ಎರಡು ಗಡಿಯಾರ ತಂದ. ಒಂದು ಇವನ ಕೈಗೆ, ಒಂದು ತನ್ನ ಕೈಗೆ. "ಕೋಟಾದ್ರೆ ಬಿಗಿಯಾಗುತ್ತೆ. ಇದರ ಕೊಂಡಿ ಸಡಿಲ ಮಾಡ್ಕೋಬಹುದು," ಎಂದ. ಎಲ್ಲರೂ ನಕ್ಕರು. ಸ್ರೆತೆನ್ ನಗಲಿಲ್ಲ.

ಇವತ್ತು ಸ್ಲಾವಾ, ಮನೆತನದ ಸಂತ ದಿಮಿತ್ರಿಯ ದಿನ. ಮದುವೆಯಾದ ಮೇಲೆ ವೆಲಿಮಿರ್ ಯಜಮಾನನಾಗಿ ನಡೆಸುತ್ತಿರುವ ಮೊದಲ ಸ್ಲಾವಾ. ಇದಕ್ಕೆ ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಬರುತ್ತಾರೆ. ಯಜಮಾನ ಕೂರುವಂತಿಲ್ಲ, ಸಂಜೆಯವರೆಗೂ ನಿಂತು ಎಲ್ಲರಿಗೂ ತನ್ನ ಕೈಯಿಂದಲೇ ಬಡಿಸಬೇಕು. ಊರಿನ ಕಣ್ಣೆಲ್ಲ ಆ ಕೈಯ ಮೇಲೆ. ಗಡಿಯಾರವಿಲ್ಲದ ಕೈ ಕಂಡರೆ ಸ್ರೆತೆನ್‌ಗೆ ನೆನಪಾಗುವುದು ಕೋಟು.

ಬೆಳಿಗ್ಗೆ ಹೆಂಡತಿ ಯಾಸ್ನಾ ಒಂದು ಉಪಾಯ ತೆಗೆದಳು. ಬಣ್ಣವಿಲ್ಲದ ಉಗುರುಬಣ್ಣವನ್ನು ಗಡಿಯಾರದ ಬೆನ್ನಿಗೂ ಕೊಂಡಿಗಳಿಗೂ ದಪ್ಪವಾಗಿ ಬಳಿದು ಒಣಗಿಸಿದರೆ ಲೋಹ ಚರ್ಮಕ್ಕೆ ತಾಗುವುದಿಲ್ಲ. ಉಪಾಯ ಸರಿಯಾಗಿಯೇ ಇತ್ತು. ಮೂರನೆಯ ಸಲ ಬಳಿದು ಕಿಟಕಿಯಲ್ಲಿಟ್ಟು, ಮಣಿಕಟ್ಟಿಗೆ ತನ್ನ ಮುಖದ ಪೌಡರನ್ನು ಮೆತ್ತುತ್ತಿದ್ದಳು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಮಧ್ಯಾಹ್ನ ಬರಬೇಕಿದ್ದ ಸ್ರೆತೆನ್ ಪಾದ್ರಿಯ ಜೊತೆ ಆಗಲೇ ಅಂಗಳದಲ್ಲಿದ್ದ. ವೆಲಿಮಿರ್ ಗಡಿಯಾರ ಕಸಿದು ಕೈಗೇರಿಸಿ ಬಾಗಿಲಿಗೆ ಓಡಿದ.

ಮೂವರೂ ತಬ್ಬಿಕೊಂಡು ಮೂರು ಸಲ ಮುತ್ತಿಟ್ಟುಕೊಳ್ಳುವಷ್ಟರಲ್ಲಿ ಅವನಿಗೆ ವಿಷಯ ಗೊತ್ತಾಯಿತು. ಗಡಿಯಾರ ಕೈಗೆ ಅಂಟಿಕೊಂಡಿತ್ತು. ಸ್ವಲ್ಪ ಸರಿಸಿ ನೋಡಿದ. ಚರ್ಮವೂ ಜೊತೆಗೇ ಬಂತು.

ಅತಿಥಿಗಳು ತುಂಬತೊಡಗಿದರು. ವೆಲಿಮಿರ್ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ಒಬ್ಬೊಬ್ಬರಿಗೂ ಒಂದೊಂದು ಚಮಚ ಕೊಡುತ್ತ, ಲೋಟಗಳಿಗೆ ರಾಕಿಯಾ ಸಾರಾಯಿ ಸುರಿಯುತ್ತ ಸುತ್ತಿದ. ಗಡಿಯಾರದ ಕೆಳಗೆ ಕೆಂಜಿಗದ ಗೂಡು ಒಡೆದಂತಿತ್ತು. ಯಾರೂ ನೋಡದಾಗ ಬಾಗಿಲ ಚೌಕಟ್ಟಿಗೆ ಉಜ್ಜಿದ, ಕುರ್ಚಿಯ ಬೆನ್ನಿಗೆ ಉಜ್ಜಿದ, ಒಮ್ಮೆ ಮೈಮರೆತು ಪಾದ್ರಿಯ ಭುಜಕ್ಕೇ ಉಜ್ಜಿದ. ಪಾದ್ರಿ ಅದನ್ನು ಸಲುಗೆ ಎಂದುಕೊಂಡು ಅವನ ಬೆನ್ನು ತಟ್ಟಿದ.

ಆಚೆಮನೆಯ ಗ್ರೋಜ್ದಾ ಅತ್ತೆಗೆ ಮಾತ್ರ ಎಲ್ಲವೂ ಕಾಣುತ್ತಿತ್ತು. ವಿಧವೆ, ಕಾಲು ನೋವು, ಇಡೀ ದಿನ ಕಿಟಕಿಯಲ್ಲೇ ಕಳೆದು ಅಭ್ಯಾಸ. ಪಕ್ಕದಲ್ಲಿದ್ದ ಅದೇ ಓಣಿಯ ಮಿಲೋವಾನ್‌ಗೆ ತಗ್ಗಿದ ದನಿಯಲ್ಲಿ ಹೇಳಿದಳು: "ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡೋ ಕೆಲಸ ನೋಡು ಅವನದು. ದಿನಾ ಎಂಥೆಂಥವರ ಕೈ ಮುಟ್ಟಬೇಕೋ. ಅದು ಕಜ್ಜಿ."

ಅವಳ ತಗ್ಗಿದ ದನಿ ಮೇಜಿನ ಆ ತುದಿಯವರೆಗೂ ಹೋಗುವಂಥದು.

ಮಿಲೋವಾನ್ ಒಳ್ಳೆಯವನು, ಅದೇ ತೊಂದರೆ. ಹಲ್ಲುನೋವಿಗೂ ಮೊಣಕಾಲಿಗೂ ಕರುವಿನ ಕೆಮ್ಮಿಗೂ ಅವನಲ್ಲಿ ಒಂದೇ ಮದ್ದು, ತಾನೇ ಭಟ್ಟಿಯಿಳಿಸಿದ ಪ್ಲಮ್ ರಾಕಿಯಾ. ಅಡುಗೆಮನೆಯಲ್ಲಿ ವೆಲಿಮಿರ್‌ನನ್ನು ಮೂಲೆಗೆ ಒತ್ತರಿಸಿ, ಗಡಿಯಾರ ಬಿಚ್ಚು ಎಂದ. ಬರುವುದಿಲ್ಲ ಎಂದ ಇವನು. "ಹಂಗಾದ್ರೆ ಅದಿದ್ದಲ್ಲೇ ಇರ್ಲಿ ಬಿಡು," ಎಂದು ಮಿಲೋವಾನ್ ಗಡಿಯಾರದ ಸಂದಿಯೊಳಕ್ಕೆ ಅರ್ಧ ಲೋಟ ಸುರಿದ.

ವೆಲಿಮಿರ್ ಕೂಗಲಿಲ್ಲ. ಕೂಗಲು ಉಸಿರು ಬೇಕಿತ್ತು. ಸರಿಯಾಗಿ ಆಗ ನಡುಮನೆಯಿಂದ ಕರೆ ಬಂತು, ರೊಟ್ಟಿ ತಿರುಗಿಸುವ ಹೊತ್ತಾಗಿತ್ತು.

ಸ್ಲಾವಾದ ರೊಟ್ಟಿಯನ್ನು ಪಾದ್ರಿ ಶಿಲುಬೆಯಾಕಾರದಲ್ಲಿ ಸೀಳಿ ವೈನು ಹನಿಸುತ್ತಾನೆ. ಆಮೇಲೆ ಯಜಮಾನ, ಕೂಮ, ಪಾದ್ರಿ ಎಲ್ಲರೂ ಅದಕ್ಕೆ ಕೈಹಚ್ಚಿ ಎತ್ತಿ ಹಾಡುತ್ತ ತಿರುಗಿಸಬೇಕು. ವೆಲಿಮಿರ್ ಎರಡೂ ಕೈ ಮೇಲೆತ್ತಿದ. ಅಂಗಿಯ ತೋಳು ಜಾರಿ ಗಡಿಯಾರ ಹೊಳೆಯಿತು. ಅವನ ಎರಡು ಕಣ್ಣಿನಿಂದಲೂ ನೀರು ಧಾರೆಯಾಗಿ ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಪಾದ್ರಿಯ ದನಿ ಮೆತ್ತಗಾಯಿತು. ಎದುರಿಗಿದ್ದ ಸ್ರೆತೆನ್ ಹಾಡು ನಿಲ್ಲಿಸಿ ಅವನನ್ನೇ ನೋಡಿದ. ಗಡಿಯಾರವನ್ನು ನೋಡಿದ, ಕಣ್ಣೀರನ್ನು ನೋಡಿದ, ತಾನೂ ಮೂಗು ಒರೆಸಿಕೊಂಡ.

ವೆಲಿಮಿರ್ ಆ ನೀರಿನ ತೆರೆಯಲ್ಲೂ ಸ್ರೆತೆನ್‌ನ ಕೈಯಲ್ಲಿ ಜೋಡಿ ಗಡಿಯಾರ ಇದೆಯೇ ಎಂದು ಹುಡುಕಿದ. ತೋಳಿನ ಗುಂಡಿ ಬಿಗಿಯಾಗಿ ಹಾಕಿತ್ತು, ಏನೂ ಕಾಣಲಿಲ್ಲ.

ಊಟಕ್ಕೆ ಕೂತಾಗ ಕಜ್ಜಿಯ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ವೆಲಿಮಿರ್ ಹುರಿದ ಹಂದಿಮರಿಯ ತಟ್ಟೆ ಚಾಚಿದರೆ, ಆಗಲೇ ಹೊಟ್ಟೆ ತುಂಬಿದೆ ಎಂದರು. ಕೋಸಿನೆಲೆಯ ಸುರುಳಿ ಚಾಚಿದರೆ, ಡಾಕ್ಟರು ಬೇಡ ಅಂದಿದ್ದಾರೆ ಎಂದರು. ಅವನು ತುಂಬಿಸಿದ ಲೋಟಗಳು ಮೇಜಿನ ಮೇಲೆ ಹಾಗೇ ನಿಂತಿದ್ದವು. ಯಜಮಾನನ ಕೈಯಿಂದ ಯಾರೂ ತಿನ್ನದ ಸ್ಲಾವಾ ಆ ಓಣಿಯಲ್ಲಿ ಅದುವರೆಗೆ ಆಗಿರಲಿಲ್ಲ.

ಅವನ ತಾಯಿ ಕೊಸಾರಾ ಎದ್ದು ನಿಂತಳು. ಗಿಡ್ಡ ಹೆಂಗಸು, ನಿಂತರೂ ಕೂತವರಷ್ಟೇ ಎತ್ತರ.

"ಗ್ರೋಜ್ದಾ, ನನ್ನ ಮಗನ ಕೈಲಿ ಕಜ್ಜಿ ಇದೆ ಅಂದೆಯಂತೆ."

"ಕೆರ್ಕೊಳ್ತಿದ್ದ ಅಂದೆ ಅಷ್ಟೇ ಕಣಮ್ಮಾ," ಎಂದಳು ಗ್ರೋಜ್ದಾ ಅತ್ತೆ.

"ಬಾರೋ ಇಲ್ಲಿ," ಎಂದಳು ತಾಯಿ. ಇವನು ಬರುವ ಮೊದಲೇ ಕೈ ಹಿಡಿದೆಳೆದು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ ದೀಪದ ಕೆಳಗೆ ಹಿಡಿದಳು. ಕೆಂಪಾಗಿದ್ದದ್ದೆಲ್ಲ ಗಡಿಯಾರದ ಅಡಿಯಲ್ಲಿತ್ತು. ಅದರ ಆಚೀಚೆ ಯಾಸ್ನಾಳ ಪೌಡರು ಹಿಟ್ಟಿನಂತೆ ಬೆಳ್ಳಗೆ ಕೂತಿತ್ತು. "ನೋಡ್ಕೊಳ್ಳಿ. ಎತ್ತಿನ ಚರ್ಮ ನನ್ನ ಮಗಂದು. ಹುಟ್ಟಿದಾಗಿನಿಂದ ಒಂದು ಗುಳ್ಳೆ ಎದ್ದಿಲ್ಲ. ಕೂಮ ಕೊಟ್ಟ ಗಡಿಯಾರ ಅಂತ ಮಲಗೋವಾಗಲೂ ಬಿಚ್ಚಲ್ಲ ಅವನು. ಹೌದೇನೋ?"

ಮೇಜಿನ ಸುತ್ತ ಇದ್ದವರೆಲ್ಲ ಅವನ ಬಾಯನ್ನೇ ನೋಡಿದರು. ಸ್ರೆತೆನ್ ಕೂಡ.

"ಹೌದು," ಎಂದ ವೆಲಿಮಿರ್. "ಒಂದಿನವೂ ಬಿಚ್ಚಿಲ್ಲ. ಕೈಯಲ್ಲಿದೆ ಅನ್ನೋದೇ ಮರೆತುಹೋಗಿರುತ್ತೆ."

ಸ್ರೆತೆನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಕಡಿಮೆ ಮಾತಿನವನು ಎದ್ದನೆಂದು ಎಲ್ಲರೂ ಚಮಚ ಕೆಳಗಿಟ್ಟರು.

"ನಾನಿವತ್ತು ಹೆದರ್ಕೊಂಡು ಬಂದೆ," ಎಂದ. "ನಿನ್ನ ಮುಖ ಹೆಂಗೆ ನೋಡೋದು ಅಂತ." ಎಡತೋಳಿನ ಗುಂಡಿ ಬಿಚ್ಚಿದ. ಮಣಿಕಟ್ಟು ಬರಿದಾಗಿತ್ತು. ಚರ್ಮ ಮಗುವಿನದರಂತೆ ನುಣುಪಾಗಿತ್ತು. "ನನಗೆ ಅದು ಆಗಿಬರಲಿಲ್ಲ ಕೂಮ. ವಾರದೊಳಗೆ ಕೈಯೆಲ್ಲ ಗುಳ್ಳೆ. ಡಾಕ್ಟರು ಅದೇನೋ ನಿಕಲ್ ಅಂದರು. ಬಿಚ್ಚಿಟ್ಟುಬಿಟ್ಟೆ. ಎಷ್ಟು ಸಲ ನಿನಗೆ ಹೇಳೋಣ ಅಂತ ಬಂದು ಅರ್ಧ ದಾರಿಯಿಂದ ವಾಪಸ್ ಹೋಗಿದ್ದೀನಿ. ನಿಮ್ಮಪ್ಪನ ಕೋಟಿನ ಮಾತು ಆಡಿದವನು ನಾನೇ ತಾನೇ."

ವೆಲಿಮಿರ್‌ನ ಎದೆಯ ಮೇಲಿಂದ ಯಾರೋ ಇಳಿದಂತಾಯಿತು. ಮೂಲೆಯಲ್ಲಿ ಯಾಸ್ನಾ ಕಣ್ಣಿನಲ್ಲೇ ಹೇಳು, ಹೇಳು ಎನ್ನುತ್ತಿದ್ದಳು. ಹೇಳಲೆಂದು ಬಾಯಿ ತೆರೆದ.

"ಆದರೆ ನೀನು," ಎಂದ ಸ್ರೆತೆನ್. "ನೀನು ಬಿಚ್ಚಲಿಲ್ಲ. ರೊಟ್ಟಿ ತಿರುಗಿಸೋವಾಗ ನೀನು ಅತ್ತಿದ್ದು ನೋಡಿದೆ. ಇನ್ನು ನಮ್ಮ ಮನೆಗಳ ಮಧ್ಯೆ ಯಾವ ಮುಚ್ಚುಮರೆಯೂ ಬೇಡ." ಜೇಬಿನಿಂದ ಒಂದು ಕರವಸ್ತ್ರ ತೆಗೆದು ಬಿಡಿಸಿದ. ಒಳಗೆ ಜೋಡಿ ಗಡಿಯಾರ. "ಜೋಡಿ ಅಗಲಬಾರದು. ನನ್ನ ಕೈಗಂತೂ ಆಗಲ್ಲ. ನಿನ್ನದು ಒಳ್ಳೆ ಚರ್ಮ. ಎರಡನ್ನೂ ನೀನೇ ಕಟ್ಕೋ. ನಾಳೆ ನಿನ್ನ ಮಗನಿಗೆ ಹೆಸರಿಡೋಕೆ ಬಂದಾಗ ಎರಡೂ ಕೈಯಲ್ಲಿ ನೋಡಬೇಕು ನಾನು."

"ಕಟ್ಕೊಳ್ತಾನೆ ಕೂಮ," ಎಂದಳು ಕೊಸಾರಾ ಕಣ್ಣೊರೆಸಿಕೊಳ್ಳುತ್ತ. ಮಗನ ಬಲಗೈಯನ್ನು ತಾನೇ ಎತ್ತಿ ಮುಂದೆ ಹಿಡಿದಳು.

ಸ್ರೆತೆನ್ ಗಡಿಯಾರ ತೊಡಿಸಿ ಕೊಂಡಿ ಹಾಕಿದ. ಕ್ಲಿಕ್ ಎಂದ ಸದ್ದು ಇಡೀ ನಡುಮನೆಗೆ ಕೇಳಿಸಿತು. ಪಾದ್ರಿ ಶಿಲುಬೆಯ ಗುರುತು ಮಾಡಿಕೊಂಡ. ಎಲ್ಲರೂ ಎದ್ದು ನಿಂತು, ಅಷ್ಟು ಹೊತ್ತು ಮುಟ್ಟದೆ ಬಿಟ್ಟಿದ್ದ ಲೋಟಗಳನ್ನು ಖಾಲಿ ಮಾಡಿದರು. ಗ್ರೋಜ್ದಾ ಅತ್ತೆ ತನ್ನ ತಟ್ಟೆ ಚಾಚಿ, ಹಂದಿಮರಿಯ ಕಿವಿಯ ಭಾಗ ಹಾಕಪ್ಪ, ಎರಡೂ ಕೈಯಲ್ಲಿ ಹಾಕು ಎಂದಳು.

ವೆಲಿಮಿರ್ ಎರಡೂ ಕೈಯಲ್ಲಿ ಬಡಿಸಿದ. ಬಲಗೈ ಆಗಲೇ ಸಣ್ಣಗೆ ತುರಿಸಲು ಶುರುವಾಗಿತ್ತು.

ಯಾಸ್ನಾ ಸದ್ದಿಲ್ಲದೆ ಒಳಗೆ ಹೋದಳು. ಉಗುರುಬಣ್ಣದ ಸೀಸೆಯಲ್ಲಿ ಇನ್ನೆಷ್ಟು ಉಳಿದಿದೆಯೆಂದು ನೋಡಬೇಕಿತ್ತು.